ಒಟ್ಲಿನ ಲೆಕ್ಕ

ಒಳ್ಳೆಯ ಒಟ್ಲು ಯಾವುದು ಅನ್ನುವುದಕ್ಕೆ ನಮ್ಮಪ್ಪನ ಹತ್ತಿರ ಒಂದೇ ಪರೀಕ್ಷೆ. ಬದುವಿನ ಮೇಲೆ ನಿಂತು ನೋಡಿದರೆ ನೆಲ ಕಾಣಬಾರದು. "ಹಸ್ರು ಚಾಪೆ ಹಾಸ್ದಂಗಿರ್ಬೇಕು ಕಣ್ಲಾ" ಅನ್ನುತ್ತಾರೆ. ಒಟ್ಲು ಅಂದರೆ ನಮ್ಮ ಮಂಡ್ಯದ ಕಡೆ ಭತ್ತದ ಪೈರು ಬೆಳೆಸುವ ಜಾಗ. ಮಲೆನಾಡಿನವರು ಅಗೆ ಅಂತೀರಿ, ಕರಾವಳಿಯವರು ನೇಜಿ ಅಂತೀರಿ, ಕೃಷಿ ಇಲಾಖೆಯ ಕರಪತ್ರದಲ್ಲಿ ಅದು ಸಸಿಮಡಿ. ನಾಲ್ಕು ತಿಂಗಳ ಬೆಳೆಯಲ್ಲಿ ಮೊದಲ ಒಂದು ತಿಂಗಳು ಭತ್ತ ಕಳೆಯುವುದು ಇಲ್ಲೇ, ಎರಡು ಮೂರು ಗುಂಟೆಯಷ್ಟು ಜಾಗದಲ್ಲಿ, ಸಾವಿರಾರು ಅಣ್ಣತಮ್ಮಂದಿರ ಜೊತೆ ಒತ್ತಿಕೊಂಡು.

ಆ ಚಾಪೆ ಅಷ್ಟು ದಟ್ಟ ಇರಬೇಕೋ ಬೇಡವೋ ಅನ್ನುವ ಪ್ರಶ್ನೆ ನನಗೆ ಹುಟ್ಟಿದ್ದು 2023ರಲ್ಲಿ. ಆ ವರ್ಷ ಮುಂಗಾರು ಕೈಕೊಟ್ಟಿದ್ದು, ಕನ್ನಂಬಾಡಿ ಕಟ್ಟೆ ತುಂಬದೇ ಹೋದದ್ದು, ಸೆಪ್ಟೆಂಬರಿನಲ್ಲಿ ಬೆಂಗಳೂರು ಬಂದ್, ಕರ್ನಾಟಕ ಬಂದ್ ಎಲ್ಲ ಆದದ್ದು ನಿಮಗೆ ನೆನಪಿರಬಹುದು. ಚೆನ್ನೈನಲ್ಲಿದ್ದ ನಮ್ಮಂಥವರಿಗೆ ಆಗ ಆಫೀಸಿನಲ್ಲಿ ಬಾಯಿ ಬಿಡಲೂ ಮುಜುಗರ. ಅಪ್ಪ ಜುಲೈ ಮೊದಲ ವಾರ ಪಕ್ಕದವರ ಬೋರ್‌ವೆಲ್ ನೀರು ಹಾಯಿಸಿಕೊಂಡು ಒಟ್ಲು ಬಿಟ್ಟಿದ್ದರು. ಒಂದೂವರೆ ಎಕರೆಗೆ 40 ಕೆಜಿ ಬೀಜ, ಮೂರು ಗುಂಟೆ ಜಾಗ. ನಾಲ್ಕು ವಾರಕ್ಕೆ ಪೈರು ನಾಟಿಗೆ ಬಂತು. ನೀರು ಬರಲಿಲ್ಲ. ನಮ್ಮ ಗದ್ದೆ ಇರುವುದು ಉಪಕಾಲುವೆಯ ಕೊನೆಯಲ್ಲಿ. ಮೇಲಿನವರೆಲ್ಲ ಕಟ್ಟಿಕೊಂಡು ಮಿಕ್ಕಿದ್ದು ನಮಗೆ. ಗದ್ದೆ ಕೆಸರು ಮಾಡುವಷ್ಟು ನೀರು ಸಿಗುವ ಹೊತ್ತಿಗೆ ಪೈರಿಗೆ ಐವತ್ತು ದಿನ ದಾಟಿತ್ತು.

ಚಾಪೆಯಂಥ ಪೈರು ಅಷ್ಟರಲ್ಲಿ ಹಳದಿ ತಿರುಗಿ, ಬುಡದಲ್ಲಿ ಗಣ್ಣು ಕಟ್ಟಿ, ಕೈಗೆ ಹುಲ್ಲಿನ ಹಾಗೆ ಸಿಗುತ್ತಿತ್ತು. ನೆಟ್ಟ ಮೇಲೂ ಹೆಚ್ಚು ತೆಂಡೆ ಒಡೆಯಲಿಲ್ಲ. ಕೆಲವು ಬುಡಗಳಲ್ಲಿ ತಾಯಿ ಗಿಡ ಆತುರಬಿದ್ದು ಮೋಟು ತೆನೆ ಬಿಟ್ಟು ಮುಗಿಸಿತು. ಅದರ ನಡುವೆ ಒಂದು ವಿಚಿತ್ರ. ಒಟ್ಲು ಚೆಲ್ಲುವ ದಿನ ಕೊನೆಯ ಮಡಿಗೆ ಮೊಳಕೆ ಸಾಲದೆ ಬಂದಿತ್ತು. ಅಪ್ಪ ಚೀಲ ಒದರಿ ಇದ್ದಷ್ಟನ್ನು ಉದುರಿಸಿದ್ದರು. ಆ ಮಡಿಯಲ್ಲಿ ನೆಲ ಕಾಣುತ್ತಿತ್ತು, ಅಪ್ಪನಿಗೆ ಅದು ಮರ್ಯಾದೆಯ ಪ್ರಶ್ನೆಯಾಗಿತ್ತು. ಅದರ ಪೈರು ಗಿಡ್ಡ, ದಪ್ಪ. ಐವತ್ತು ದಿನವಾದರೂ ಹಸಿರು ಹಾಗೇ ಇತ್ತು. ನಾಟಿ ಹೆಂಗಸರು ಕೊನೆಗೆ ಅದನ್ನು ಕಿತ್ತು ಕಾಲುವೆ ಪಕ್ಕದ ತಾಕಿಗೆ ನೆಟ್ಟರು. ಇಡೀ ಗದ್ದೆಯಲ್ಲಿ ಭತ್ತ ಅಂತ ಅನ್ನಿಸಿಕೊಂಡದ್ದು ಆ ತಾಕೇ. ಕಾಲುವೆ ಪಕ್ಕ ಅಲ್ಲವಾ, ನೀರು ಹೆಚ್ಚು ಕುಡಿದಿದೆ ಅಂದರು ಅಪ್ಪ. ಇರಬಹುದು. ನನಗೆ ಅನುಮಾನ ಹೋಗಲಿಲ್ಲ.

ಇಲ್ಲಿಂದ ಮುಂದಿನ ಲೆಕ್ಕ ನಾನು ಲ್ಯಾಪ್‌ಟಾಪಿನಲ್ಲಿ ಮಾಡಿದ್ದು. ಸಾಧಾರಣ ದಪ್ಪದ ಭತ್ತ ಸಾವಿರ ಕಾಳಿಗೆ ಸುಮಾರು 25 ಗ್ರಾಂ ತೂಗುತ್ತದೆ. ಕೆಜಿಗೆ 40,000 ಕಾಳು. 40 ಕೆಜಿ ಅಂದರೆ 16 ಲಕ್ಷ. ನೂರಕ್ಕೆ ಎಂಬತ್ತು ಹುಟ್ಟಿದರೂ 12 ಲಕ್ಷ 80 ಸಾವಿರ ಪೈರು. ಒಂದೂವರೆ ಎಕರೆಯನ್ನು 20 ಸೆಂಟಿಮೀಟರಿಗೆ 10 ಸೆಂಟಿಮೀಟರಿನಂತೆ ಅಚ್ಚುಕಟ್ಟಾಗಿ ನೆಟ್ಟರೆ ಮೂರು ಲಕ್ಷ ಗುಣಿ. ಗುಣಿಗೆ ನಾಲ್ಕು ಪೈರು ಬಂತು. ನಮ್ಮ ಕಡೆ ಹಗ್ಗ ಹಿಡಿದು ಸಾಲು ನಾಟಿ ಮಾಡುವವರು ಕಡಿಮೆ, ಕೈಗೆ ಬಂದ ಹಾಗೆ ನೆಡುವುದರಲ್ಲಿ ಗುಣಿ ಇನ್ನೂ ಕಮ್ಮಿ. ಹಾಗಾಗಿ ಗುಣಿಗೆ ಐದಾರು ಪೈರು. ಬೇಕಾದದ್ದು ಎರಡು. ಸಣ್ಣ ಕಾಳಿನ ಸಾಂಬಾ ಮಸೂರಿಯಾದರೆ ಕೆಜಿಗೆ 65,000ಕ್ಕೂ ಮೇಲೆ ಕಾಳು, ದುಂದು ಇನ್ನೂ ಜಾಸ್ತಿ. ಕೊಳಗವನ್ನೋ ಕೆಜಿಯನ್ನೋ ಅಳೆಯುವವರು ಕಾಳು ಎಣಿಸುವುದಿಲ್ಲವಲ್ಲ.

ಇನ್ನು ಒಟ್ಲಿನೊಳಗಿನ ಜಾಗ. ಮೂರು ಗುಂಟೆ ಎಂದರೆ ಸುಮಾರು 300 ಚದರ ಮೀಟರ್. ಚದರ ಮೀಟರಿಗೆ 130 ಗ್ರಾಂ ಬೀಜ, 5,000ಕ್ಕೂ ಹೆಚ್ಚು ಕಾಳು. ಒಂದೊಂದರ ಪಾಲಿಗೆ ಎರಡು ಚದರ ಸೆಂಟಿಮೀಟರೂ ಇಲ್ಲ. ನಿಮ್ಮ ಹೆಬ್ಬೆರಳಿನ ಉಗುರು ನೋಡಿಕೊಳ್ಳಿ, ಅಷ್ಟೇ. ಅಷ್ಟರಲ್ಲೇ ಬೇರು, ಬೆಳಕು, ಗೊಬ್ಬರ, ಒಂದು ತಿಂಗಳ ಸಂಸಾರ.

ಇದನ್ನೆಲ್ಲ ಅಪ್ಪನಿಗೆ ಫೋನಿನಲ್ಲಿ ಹೇಳಿದರೆ "ಕಾಗ್ದದ್ ಮ್ಯಾಗ್ ಬೆಳೆದ್ರೆ ಎಲ್ರೂ ಗೌಡ್ರೇ" ಅಂದರು. ಸರಿ, ನೋಡಿಯೇ ಬಿಡೋಣ ಅಂತ ಪಲ್ಲಾವರಂನ ನಮ್ಮ ಬಾಡಿಗೆ ಮನೆಯ ತಾರಸಿಯಲ್ಲಿ ಶುರು ಮಾಡಿದೆ. ಇಲ್ಲಿ ಶುಕ್ರವಾರದ ಸಂತೆ ಇದೆ, ಹಳೇ ಟ್ರಂಕ್ ರೋಡಿನಲ್ಲಿ. ಮುರಿದ ಮಿಕ್ಸಿಯಿಂದ ಮೊಲದ ಮರಿಯವರೆಗೆ ಎಲ್ಲ ಸಿಗುತ್ತದೆ. ಅಲ್ಲಿಂದ ತರಕಾರಿ ಅಂಗಡಿಯವರು ಬಳಸುವಂಥ ಎರಡು ಪ್ಲಾಸ್ಟಿಕ್ ಕ್ರೇಟು, ಗಿಡ ಮಾರುವವರ ಹತ್ತಿರ ಮಣ್ಣು, ಗೊಬ್ಬರ. ಬೀಜ ಊರಿಂದ ಅಮ್ಮ ಅಕ್ಕಿ ಚೀಲದ ಜೊತೆ ಕಳಿಸಿದ್ದು. ಒಂದು ದಿನ ನೆನೆಸಿ, ಹಳೇ ಬನಿಯನ್ನಿನಲ್ಲಿ ಕಟ್ಟಿ ಮೊಳಕೆ ಬರಿಸಿ, ಅಡುಗೆ ಮನೆಯ ತಕ್ಕಡಿಯಲ್ಲಿ ತೂಗಿಕೊಂಡ ಲೆಕ್ಕಕ್ಕೆ ಒಂದು ಕ್ರೇಟಿಗೆ 30 ಗ್ರಾಂ ಹಾಕಿದೆ, ಇನ್ನೊಂದಕ್ಕೆ 4 ಗ್ರಾಂ. ಮೊದಲನೆಯದು ಅಪ್ಪನ ಚಾಪೆ. ಎರಡನೆಯದರಲ್ಲಿ ಕಾಳಿಗೆ ನಾಲ್ಕು ಸೆಂಟಿಮೀಟರ್ ಚೌಕದಷ್ಟು ಜಾಗ.

ಮೂರನೇ ದಿನ ಬೆಳಿಗ್ಗೆ ಪಾರಿವಾಳಗಳು ಬಂದು ಎರಡನೇ ಕ್ರೇಟನ್ನು ಮುಗಿಸಿದ್ದವು. ಮೊದಲನೆಯದರಲ್ಲೂ ತಿಂದಿದ್ದವು, ಆದರೆ ಅಲ್ಲಿ ತಿಂದದ್ದು ಗೊತ್ತೇ ಆಗುವಂತಿರಲಿಲ್ಲ. ಅವತ್ತು ಅಪ್ಪನ ಮೇಲೆ ನನಗಿದ್ದ ಬುದ್ಧಿವಂತಿಕೆ ಅರ್ಧ ಇಳಿಯಿತು. ರೈತ ದಟ್ಟವಾಗಿ ಚೆಲ್ಲುವುದು ದಡ್ಡತನದಿಂದಲ್ಲ. ಹಕ್ಕಿ ತಿಂದರೆ? ಚೆಲ್ಲಿದ ರಾತ್ರಿಯೇ ಮಳೆ ಹೊಡೆದು ಮೊಳಕೆಯನ್ನೆಲ್ಲ ಒಂದು ಮೂಲೆಗೆ ಗುಡಿಸಿದರೆ? ಬೀಜ ಜೊಳ್ಳಾದರೆ? ನಾಟಿಯ ದಿನ ಪೈರು ಕಮ್ಮಿ ಬಂದರೆ ಇನ್ನೊಬ್ಬರ ಮನೆ ಬಾಗಿಲಿಗೆ ಹೋಗಿ ನಿಲ್ಲಬೇಕು. ನಾವು ಐಟಿಯವರು ದೀಪಾವಳಿ ಸೇಲಿಗೆ ಅಂತ ಬೇಕಾದದ್ದಕ್ಕಿಂತ ಮೂರು ಪಟ್ಟು ಸರ್ವರ್ ಹಿಡಿದಿಟ್ಟುಕೊಂಡು ಕೂರುತ್ತೇವಲ್ಲ, ಅದೇ ಭಯ.

ಎರಡನೇ ಸಲ ಸೊಳ್ಳೆ ಪರದೆ ಕಟ್ಟಿ ಬಿತ್ತಿದೆ. ಕೆಳಗಿನ ಮನೆಯ ಓನರ್ ಅಮ್ಮ ಬಟ್ಟೆ ಒಣಹಾಕಲು ಬಂದವರು "ಎನ್ನ ತಂಬಿ, ಮಾಡೀಲ ನೆಲ್ಲಾ?" ಅಂತ ನಕ್ಕರು. ಅವರ ತವರು ಮಧುರಾಂತಕದ ಕಡೆ, ಕೆರೆ ಬೇಸಾಯದ ಮನೆ. ಎರಡೂ ಕ್ರೇಟು ನೋಡಿ, ತೆಳುವಾಗಿರುವುದನ್ನು ತೋರಿಸಿ, ಇದರಲ್ಲಿ ಕಳೆ ಬರುತ್ತದೆ ನೋಡು ಅಂದರು. ಬಂತು. ನೆಲ ಖಾಲಿ ಇದ್ದರೆ ಕಳೆ ಬಿಡುವುದಿಲ್ಲ. ಎರಡು ಸಲ ಕೂತು ಕಿತ್ತೆ.

ಹತ್ತನೇ ದಿನಕ್ಕೆ ಗೆದ್ದದ್ದು ಚಾಪೆ. ಒತ್ತಾದ ಹಸಿರು, ನೋಡಲು ಹಬ್ಬ. ಎರಡನೆಯದು ಕ್ಷೌರ ಕೆಟ್ಟ ತಲೆಯ ಹಾಗೆ. ಎರಡು ವಾರದವರೆಗೆ ಹೀಗೇ ಇರುವುದಕ್ಕೆ ಕಾರಣವಿದೆ. ಮೊಳಕೆಯೊಡೆದ ಭತ್ತ ಮೂರನೇ ಎಲೆ ಬಿಡುವ ತನಕ ಕಾಳಿನೊಳಗಿನ ಬುತ್ತಿಯಿಂದಲೇ ಬದುಕುತ್ತದೆ. ಅಮ್ಮ ಕಟ್ಟಿಕೊಟ್ಟ ಬುತ್ತಿ ಇರುವ ತನಕ ಅಕ್ಕಪಕ್ಕದಲ್ಲಿ ಎಷ್ಟು ಜನ ಇದ್ದರೇನು? ಬುತ್ತಿ ಖಾಲಿಯಾದ ಮೇಲೆ ಜಗಳ ಶುರು. ಮೂರನೇ ವಾರಕ್ಕೆ ಚಾಪೆಯ ಪೈರು ಬೆಳಕಿಗಾಗಿ ಒಂದನ್ನೊಂದು ಮೀರಿಸಿ ಉದ್ದವಾದವು, ಕೆಳಗಿನ ಎಲೆ ಹಳದಿಯಾಯಿತು. ತೆಳುವಾಗಿ ಬಿಟ್ಟವು ಗಿಡ್ಡವೇ ಇದ್ದವು, ಆದರೆ ಬುಡ ಚಪ್ಪಟೆಯಾಗಿ ಅಗಲವಾಯಿತು. ನಾಲ್ಕನೇ ವಾರ ಅವುಗಳ ಬುಡದ ಪಕ್ಕದಿಂದ ಇನ್ನೊಂದು ಎಳೆ ಇಣುಕುತ್ತಿತ್ತು. ಅದೇ ತೆಂಡೆ. ಎರಡೂ ಕಡೆಯಿಂದ ಇಪ್ಪತ್ತಿಪ್ಪತ್ತು ಪೈರು ಕಿತ್ತು ಹೆಂಡತಿಯ ಕೈಗೂ ಕೊಟ್ಟು ಎಣಿಸಿದೆ. ತೆಳುವಿನವುಗಳಲ್ಲಿ ಬಹುಪಾಲಿಗೆ ಒಂದೋ ಎರಡೋ ತೆಂಡೆ ಇತ್ತು. ಚಾಪೆಯ ಕಡೆ ಒಂದಕ್ಕೂ ಇಲ್ಲ. ಕೀಳುವಾಗ ಬೇರು ಹೆಣೆದುಕೊಂಡು ಅರ್ಧ ಅಲ್ಲೇ ಹರಿದು ಉಳಿಯಿತು.

ಭತ್ತದ ಗಿಡಕ್ಕೆ ಒಂದು ಕಟ್ಟುನಿಟ್ಟಾದ ಕ್ಯಾಲೆಂಡರ್ ಇದೆ. ಪ್ರತಿ ಎಲೆಯ ಕಂಕುಳಲ್ಲೂ ಒಂದು ತೆಂಡೆಯ ಮೊಗ್ಗು ಇರುತ್ತದೆ. ಮೇಲೆ ಹೊಸ ಎಲೆ ಬರುವಾಗ ಅದಕ್ಕಿಂತ ಮೂರು ಎಲೆ ಕೆಳಗಿನ ಮೊಗ್ಗು ಒಡೆಯಬೇಕು. ಜಪಾನಿನ ಕಟಾಯಾಮಾ ಇದನ್ನು ಎಲೆ ಎಣಿಸಿ ಎಣಿಸಿ ಕಂಡುಕೊಂಡು 1951ರಲ್ಲಿ ಪುಸ್ತಕವಾಗಿ ಪ್ರಕಟಿಸಿದರು. ಆ ಸಮಯದಲ್ಲಿ ಬೆಳಕೋ ಆಹಾರವೋ ಸಾಲದಿದ್ದರೆ ಆ ಮೊಗ್ಗು ನಿದ್ದೆಗೆ ಹೋಗುತ್ತದೆ, ಸಾಮಾನ್ಯವಾಗಿ ಮತ್ತೆ ಏಳುವುದಿಲ್ಲ. ಗದ್ದೆಗೆ ಹೋದ ಮೇಲೆ ಎಷ್ಟು ಯೂರಿಯಾ ಸುರಿದರೂ ಬರುವುದು ಮೇಲಿನ ತಡವಾದ ತೆಂಡೆಗಳು. ಅವುಗಳಲ್ಲಿ ಎಷ್ಟೋ ತೆನೆಯನ್ನೇ ಬಿಡುವುದಿಲ್ಲ, ಬಿಟ್ಟರೂ ಚಿಕ್ಕದು. ಬುಡದ ಮೊದಲ ತೆಂಡೆಗಳೇ ದೊಡ್ಡ ತೆನೆಯವು, ಅವನ್ನೇ ನಾವು ಒಟ್ಲಿನಲ್ಲಿ ಕಳೆದುಕೊಂಡಿರುತ್ತೇವೆ. ಹಳದಿಯಾದ ಚಾಪೆಗೆ ಹಸಿರು ಬರಲಿ ಅಂತ ಯೂರಿಯಾ ಎರಚುವುದೂ ಇದೆ. ಅದರಿಂದ ಪೈರು ಇನ್ನೂ ಸಪೂರವಾಗಿ ಉದ್ದ ಬೆಳೆಯುತ್ತದೆ, ಬೆಂಕಿ ರೋಗಕ್ಕೂ ದಾರಿ.

ಇಲ್ಲೊಂದು ಸುಳಿ ಇದೆ. ದಟ್ಟ ಒಟ್ಲಿನ ಪೈರು ನಿಶ್ಶಕ್ತ, ನೆಟ್ಟ ಮೇಲೆ ಒಂದಿಷ್ಟು ಸಾಯುತ್ತವೆ, ತೆಂಡೆಯೂ ಕಡಿಮೆ. ಹಾಗಾಗಿ ಗುಣಿಗೆ ಐದಾರು ಇಡುತ್ತಾರೆ. ಐದಾರು ಇಡಬೇಕಾದರೆ ಪೈರು ಜಾಸ್ತಿ ಬೇಕು, ಬೀಜ ಜಾಸ್ತಿ ಬೇಕು. ಒಟ್ಲಿನ ಜಾಗ ಮಾತ್ರ ಅದೇ ಮೂರು ಗುಂಟೆ. ಮತ್ತೆ ದಟ್ಟ.

ಹಾಗಾದರೆ ದಟ್ಟ ಕೆಟ್ಟದ್ದು, ತೆಳು ಒಳ್ಳೆಯದು ಅಂತ ಬರೆದು ಮುಗಿಸಬಹುದಿತ್ತು. ಓದುತ್ತಾ ಹೋದ ಹಾಗೆ ಅಷ್ಟು ಸಲೀಸಲ್ಲ ಅನ್ನಿಸಿತು. ಫಿಲಿಪ್ಪೀನ್ಸಿನಲ್ಲಿ ದಪೋಗ್ ಅನ್ನುವ ಪದ್ಧತಿ ಇದೆ. ಬಾಳೆ ಎಲೆ ಹಾಸಿ ಅದರ ಮೇಲೆ ಮೊಳಕೆಯನ್ನು ನಮ್ಮಪ್ಪನೂ ನಾಚುವಷ್ಟು ದಟ್ಟವಾಗಿ ಸುರಿಯುತ್ತಾರೆ. ಆದರೆ ಎರಡು ವಾರದೊಳಗೆ ಚಾಪೆ ಸುತ್ತಿಕೊಂಡು ಹೋಗಿ ನೆಟ್ಟುಬಿಡುತ್ತಾರೆ. ನಾಟಿ ಯಂತ್ರದ ಟ್ರೇಗಳೂ ಹಾಗೆಯೇ. ಮೊಣಕೈ ಉದ್ದದ ಒಂದು ಟ್ರೇಗೆ 100 ಗ್ರಾಂ ಮೇಲೆ ಬೀಜ, ಹದಿನೈದು ಹದಿನೆಂಟು ದಿನಕ್ಕೆ ನಾಟಿ. ಜಪಾನಿನಲ್ಲಿ ಯಾನ್ಮಾರ್ ಕಂಪನಿ ಇಶಿಕಾವಾ ಪ್ರಾಂತದವರ ಜೊತೆ ಸೇರಿ ಒಂದು ಟ್ರೇಗೆ 250ರಿಂದ 300 ಗ್ರಾಂ ಬೀಜ ಹಾಕುವ ಪದ್ಧತಿಯನ್ನೇ ಬಳಕೆಗೆ ತಂದಿದೆ. ಅಲ್ಲಿ ಅದು ಲಾಭವೇ. ಟ್ರೇ ಮೂರನೇ ಒಂದರಷ್ಟಕ್ಕೆ ಇಳಿಯುತ್ತದೆ, ಮಣ್ಣು, ಶೆಡ್ಡು, ಹೊರುವ ಕೆಲಸ ಎಲ್ಲ ಇಳಿಯುತ್ತದೆ. ಎಪ್ಪತ್ತು ದಾಟಿದವರೇ ಬೇಸಾಯ ಮಾಡುವ ದೇಶದಲ್ಲಿ ಹೊರುವುದು ತಪ್ಪಿದರೆ ಅದೇ ದುಡ್ಡು. ಇದೇ ಜಪಾನಿನಲ್ಲೇ, ಪೈರು ಚೆನ್ನಾಗಿದ್ದರೆ ಅರ್ಧ ಬೆಳೆ ಬಂದ ಹಾಗೆ ಅನ್ನುವ ಗಾದೆಯೂ ಇದೆ.

ಅಂದರೆ ದಟ್ಟಣೆಯೊಂದನ್ನೇ ನೋಡಬಾರದು, ಅದನ್ನು ದಿನಗಳಿಂದ ಗುಣಿಸಬೇಕು. ಬೆಳಗಿನ ಲೋಕಲ್ ಟ್ರೈನಿನಲ್ಲಿ ಪಲ್ಲಾವರಂನಿಂದ ಕ್ರೋಮ್‌ಪೇಟೆಗೆ ಒಂದೇ ಸ್ಟೇಷನ್, ಎಷ್ಟು ನೂಕುನುಗ್ಗಲಿದ್ದರೂ ನಿಂತು ಹೋಗಬಹುದು. ಅದೇ ನೂಕುನುಗ್ಗಲಲ್ಲಿ ಬೀಚ್ ಸ್ಟೇಷನ್ ತನಕ ಹೋಗಿ ನೋಡಿ.

ಇದು ನನ್ನ ಸ್ವಂತ ಶೋಧ ಅಂದುಕೊಂಡಿದ್ದೆ. ತಮಿಳುನಾಡು ಕೃಷಿ ವಿಶ್ವವಿದ್ಯಾಲಯದ ಶಿಫಾರಸು ನೋಡಿದರೆ ಅದರೊಳಗೇ ಇದು ಅಡಗಿ ಕೂತಿದೆ. ಒಂದು ಹೆಕ್ಟೇರಿಗೆ 20 ಸೆಂಟ್ ನಾತ್ತಂಗಾಲ್, ಅಂದರೆ 800 ಚದರ ಮೀಟರ್ ಒಟ್ಲು. ಅಷ್ಟೇ ಜಾಗಕ್ಕೆ ಅಲ್ಪಾವಧಿ ತಳಿಯಾದರೆ 60 ಕೆಜಿ ಬೀಜ, ಮಧ್ಯಮಾವಧಿಗೆ 40, ದೀರ್ಘಾವಧಿಗೆ 30. ಅಲ್ಪಾವಧಿಯ ಪೈರನ್ನು ಮೂರು ವಾರಕ್ಕೆ ಕೀಳುತ್ತಾರೆ, ದೀರ್ಘಾವಧಿಯದನ್ನು ಐದಾರು ವಾರಕ್ಕೆ. ಹೆಚ್ಚು ದಿನ ಇರುವವರಿಗೆ ಹೆಚ್ಚು ಜಾಗ. ನಮ್ಮ ಮಧ್ಯಮಾವಧಿ ಭತ್ತಕ್ಕೆ ಈ ಲೆಕ್ಕದಲ್ಲಿ ಚದರ ಮೀಟರಿಗೆ 50 ಗ್ರಾಂ ಬರುತ್ತದೆ. ಅಪ್ಪ ಹಾಕಿದ್ದು 130. ಕರ್ನಾಟಕದಲ್ಲಿ ನಾಟಿ ಭತ್ತಕ್ಕೆ ವಾಡಿಕೆಯಾಗಿ ಹೇಳುವುದು ಎಕರೆಗೆ 25 ಕೆಜಿ, ಅಪ್ಪ ಅದನ್ನು ಅಷ್ಟೇನೂ ಮೀರಿಲ್ಲ. ಅವರು ಬೀಜದಲ್ಲಿ ಮಾಡಿದ್ದಕ್ಕಿಂತ ಜಾಗದಲ್ಲಿ ಮಾಡಿದ ಜಿಪುಣತನವೇ ದೊಡ್ಡದು.

ಮಡಗಾಸ್ಕರ್ ಪದ್ಧತಿ, ಶ್ರೀ ಪದ್ಧತಿ ಅಂತ ನೀವು ಕೇಳಿರುತ್ತೀರಿ. ಹೆನ್ರಿ ದ ಲೊಲಾನಿ ಎಂಬ ಫ್ರೆಂಚ್ ಪಾದ್ರಿ 1980ರ ದಶಕದಲ್ಲಿ ಮಡಗಾಸ್ಕರಿನಲ್ಲಿ ರೂಪಿಸಿದ್ದು. ಎರಡು ವಾರ ತುಂಬದ ಎಳೆ ಪೈರು, ಗುಣಿಗೆ ಒಂದೇ, 25 ಸೆಂಟಿಮೀಟರ್ ಚೌಕ. ಎಕರೆಗೆ ಎರಡು ಕೆಜಿ ಬೀಜ ಸಾಕು ಅಂದಾಗ ನಮ್ಮೂರಲ್ಲಿ ನಕ್ಕಿದ್ದರು. ಲೆಕ್ಕ ಹಾಕಿ ನೋಡಿ. ಎಕರೆಗೆ ಸುಮಾರು 65,000 ಗುಣಿ, ಎರಡು ಕೆಜಿಯಲ್ಲಿ 80,000 ಕಾಳು, ನೂರಕ್ಕೆ ಎಂಬತ್ತು ಹುಟ್ಟಿದರೆ 64,000. ಸರಿಯಾಗಿ ಕೂರುತ್ತದೆ. ಇನ್ನೂ ಹಿಂದೆ ಹೋದರೆ, ಮದ್ರಾಸ್ ಪ್ರಾಂತದ ಕೃಷಿ ಇಲಾಖೆ ನೂರು ವರ್ಷದ ಕೆಳಗೇ ಒಟ್ಲು ತೆಳುವಾಗಿ ಬಿಟ್ಟು ಒಂಟಿ ಪೈರು ನೆಡಿ, ಬೀಜ ಉಳಿಸಿ ಅಂತ ಪ್ರಚಾರ ಮಾಡಿತ್ತು. ದಕ್ಷಿಣ ಕನ್ನಡವೂ ಬಳ್ಳಾರಿಯೂ ಆಗ ಈ ಪ್ರಾಂತದಲ್ಲೇ ಇದ್ದವು. ಇಷ್ಟು ಹಳೆಯ ಮಾತು ಇನ್ನೂ ಹೊಸದಾಗಿ ಕೇಳಿಸುತ್ತದೆ ಎಂದರೆ ಅದರಲ್ಲಿ ಏನೋ ತೊಡಕು ಇರಲೇಬೇಕು.

ತೊಡಕಿಗೆ ಒಂದು ಕಾರಣ ನಮ್ಮ ಭಾಷೆಯಲ್ಲೇ ಇದೆಯೇನೋ. ನಮ್ಮ ಹಿರಿಯರು ಗದ್ದೆಯನ್ನು ಅಳೆದದ್ದು ಎಕರೆಯಲ್ಲಲ್ಲ, ಬೀಜದಲ್ಲಿ. ಹತ್ತು ಕೊಳಗದ ಗದ್ದೆ, ಖಂಡುಗದ ಗದ್ದೆ, ಕರಾವಳಿಯಲ್ಲಾದರೆ ಇಷ್ಟು ಮುಡಿ ಗದ್ದೆ. ಬೀಜವರಿ ಅನ್ನುವ ಮಾತೇ ಹಾಗೆ ಹುಟ್ಟಿದ್ದು. ಇಷ್ಟು ಗದ್ದೆಗೆ ಇಷ್ಟು ಬೀಜ ಅನ್ನುವುದು ಗದ್ದೆಯ ಹೆಸರಿನಲ್ಲೇ ಸೇರಿಹೋಗಿದ್ದರೆ ಅದನ್ನು ಅರ್ಧ ಮಾಡು ಅನ್ನುವುದು ಗದ್ದೆಯನ್ನೇ ಅರ್ಧ ಮಾಡು ಅಂದ ಹಾಗೆ ಕೇಳಿಸುತ್ತದೆ.

ಆದರೆ ಇದೇ ಅಪ್ಪ ಹೈಬ್ರಿಡ್ ಭತ್ತವನ್ನು ಹೇಗೆ ಬಿತ್ತುತ್ತಾರೆ ನೋಡಬೇಕು. ಮಂಡ್ಯದ ವಿ.ಸಿ. ಫಾರಂನಿಂದ ಬಂದ ಕೆಆರ್‌ಎಚ್-4 ಒಂದು ವರ್ಷ ಹಾಕಿದ್ದರು. ಪ್ರತಿ ಸಲ ದುಡ್ಡು ಕೊಟ್ಟು ತರಬೇಕಾದ ಬೀಜ ಅಂತ ಕಾಳು ಕಾಳನ್ನು ಚಿನ್ನದ ಹಾಗೆ ಉದುರಿಸಿದ್ದರು. ಪೈರು ದಪ್ಪ ಬಂತು, ಬೆಳೆಯೂ ಚೆನ್ನಾಗಿ ಬಂತು, ಎಲ್ಲರೂ ಹೈಬ್ರಿಡ್ಡನ್ನು ಹೊಗಳಿದರು. ಆ ಹೊಗಳಿಕೆಯಲ್ಲಿ ನಾಲ್ಕಾಣೆ ಪಾಲು ತೆಳು ಒಟ್ಲಿನದು ಅಂತ ನನ್ನ ಗುಮಾನಿ.

ಈಗ ದುಡ್ಡಿನ ಮಾತು. ಬೀಜ ಉಳಿಸಿದರೆ ಎಷ್ಟು ಉಳಿಯುತ್ತದೆ? 40 ಕೆಜಿಯ ಬದಲು 15 ಕೆಜಿ ಹಾಕಿದರೆ 25 ಕೆಜಿ. ಮನೆ ಬೀಜವಾದರೆ ಬೆಂಬಲ ಬೆಲೆಯ ಲೆಕ್ಕದಲ್ಲಿ ಆರುನೂರು ರೂಪಾಯಿಯೂ ಇಲ್ಲ. ಕೆಜಿಗೆ 45 ರೂಪಾಯಿ ಕೊಟ್ಟು ತಂದದ್ದು ಅಂತ ಹಿಡಿದರೂ ಸಾವಿರದ ನೂರು ಚಿಲ್ಲರೆ. ಇಷ್ಟಕ್ಕಾಗಿ ಯಾರೂ ಪದ್ಧತಿ ಬದಲಿಸುವುದಿಲ್ಲ, ಬದಲಿಸಬೇಕಾಗಿಯೂ ಇಲ್ಲ. ಮದ್ರಾಸ್ ಇಲಾಖೆಯವರು ಎಡವಿದ್ದು ಬೀಜದ ಉಳಿತಾಯವನ್ನೇ ದೊಡ್ಡದು ಮಾಡಿ ಹೇಳಿದ್ದರಲ್ಲಿ ಅಂತ ನನಗನ್ನಿಸುತ್ತದೆ. ದುಡ್ಡಿರುವುದು ತೆಂಡೆಯಲ್ಲಿ. ಎಕರೆಗೆ ಒಂದೂವರೆ ಲಕ್ಷ ಗುಣಿ ಅಂದುಕೊಳ್ಳಿ. ಗುಣಿಗೆ ಒಂದೇ ಒಂದು ಒಳ್ಳೆಯ ತೆನೆ ಹೆಚ್ಚು ಬಂದು, ಅದರಲ್ಲಿ 80 ಗಟ್ಟಿ ಕಾಳಿದ್ದರೆ ಎರಡು ಗ್ರಾಂ. ಎಕರೆಗೆ ಮೂರು ಕ್ವಿಂಟಾಲ್. 2024-25ರ ಬೆಂಬಲ ಬೆಲೆ ಕ್ವಿಂಟಾಲಿಗೆ 2,300 ರೂಪಾಯಿಯಂತೆ 6,900. ಇದು ಪೂರ್ತಿ ಕೈಗೆ ಬರುವುದಿಲ್ಲ. ಗದ್ದೆಯ ಬೆಳಕಿಗೂ ಗೊಬ್ಬರಕ್ಕೂ ಒಂದು ಮಿತಿ ಇರುತ್ತದೆ, ಒಂದು ತೆನೆ ಹೆಚ್ಚಾದರೆ ಇನ್ನೊಂದು ಚಿಕ್ಕದಾಗುತ್ತದೆ. ಅರ್ಧ ಬಂದರೆ ಪುಣ್ಯ. ಅರ್ಧವೇ ಬಂದರೂ ಬೀಜದ ಉಳಿತಾಯಕ್ಕಿಂತ ಎಷ್ಟೋ ಪಾಲು ಹೆಚ್ಚು.

2024ರಲ್ಲಿ ಅಣ್ಣನನ್ನು ಒಳಗೆ ಹಾಕಿಕೊಂಡು ಅಪ್ಪನ ಜೊತೆ ಒಂದು ಒಪ್ಪಂದ ಮಾಡಿಕೊಂಡೆ. ಅರ್ಧ ಗದ್ದೆ ಅವರದು, ಎಂದಿನಂತೆ. ಇನ್ನರ್ಧ, ಅಂದರೆ 30 ಗುಂಟೆಗೆ, 8 ಕೆಜಿ ಬೀಜವನ್ನು ಮೂರು ಗುಂಟೆ ಒಟ್ಲಿಗೆ. ಚದರ ಮೀಟರಿಗೆ 26 ಗ್ರಾಂ. ಬೀಜವನ್ನು ಉಪ್ಪು ನೀರಿಗೆ ಹಾಕಿ ತೇಲಿದ ಜೊಳ್ಳು ತೆಗೆದೆವು. ಕೋಳಿಮೊಟ್ಟೆ ತೇಲುವಷ್ಟು ಉಪ್ಪು ಕರಗಿಸಬೇಕು, ಆಮೇಲೆ ಎರಡು ಮೂರು ಸಲ ಚೆನ್ನಾಗಿ ತೊಳೆಯಬೇಕು. ಮುಳುಗಿದ ಗಟ್ಟಿ ಕಾಳನ್ನು ಮಾತ್ರ ಬಿತ್ತುವುದಾದರೆ ತೆಳುವಾಗಿ ಚೆಲ್ಲಲು ಧೈರ್ಯ ಬರುತ್ತದೆ. ಹಕ್ಕಿಗೆ ಅಣ್ಣನ ಮಕ್ಕಳು ಒಂದು ವಾರ ಕಾವಲು.

ನಾಟಿಯ ದಿನ ರಜೆ ಹಾಕಿ ಹೋಗಿದ್ದೆ. ಪೈರು ಕೀಳಲು ಕೂತ ಹೆಂಗಸರಿಗೆ ನನ್ನ ಒಟ್ಲು ಕಂಡರೆ ಆಗಲಿಲ್ಲ. ಗಿಡ್ಡ ಪೈರು, ಕಟ್ಟಿಗೆ ಸರಿಯಾಗಿ ಸಿಗುವುದಿಲ್ಲ, ಬೇರಿನ ತುಂಬ ಮಣ್ಣು. ನೆಡುವಾಗ ಗುಣಿಗೆ ಎರಡೇ ಇಡಿ ಅಂದೆ. ಗುಂಪಿನ ಹಿರಿಯಕ್ಕ ಸೊಂಟ ನೆಟ್ಟಗೆ ಮಾಡಿ ನಿಂತು, "ಎಳ್ಡೆಳ್ಡೇ ಬಿಡುಸ್ಕಂಡು ನೆಡಕ್ಕೆ ಎಷ್ಟೊತ್ತಾಯ್ತದೆ ಗೊತ್ತಾ ಮಗ? ಗುತ್ಗೆ ದುಡ್ಡು ಅದೇಯ. ಬೆಳೆ ಜಾಸ್ತಿ ಬಂದ್ರೆ ನಮ್ಗೇನ್ ಕೊಡ್ತೀಯ?" ಅಂದರು. ನನ್ನ ಸ್ಪ್ರೆಡ್‌ಶೀಟಿನಲ್ಲಿ ಈ ಕಾಲಮ್ಮೇ ಇರಲಿಲ್ಲ. ಮುಷ್ಟಿಗೆ ಬಂದಷ್ಟು ಇಟ್ಟು ಮುಂದೆ ಹೋಗುವುದು ಅವರಿಗೆ ವೇಗ, ಎಕರೆ ಲೆಕ್ಕದ ಗುತ್ತಿಗೆಯಲ್ಲಿ ವೇಗವೇ ಕೂಲಿ. ತೆಳು ಒಟ್ಲಿನ ಲಾಭ ನಮ್ಮ ಕಣಕ್ಕೆ, ಅದರ ನಿಧಾನ ಅವರ ಸೊಂಟಕ್ಕೆ. ಆ ಭಾಗಕ್ಕೆ ಎಕರೆಗೆ ಐನೂರು ಹೆಚ್ಚು ಅಂತ ಮಾತಾಯಿತು. ಅಪ್ಪ ಮುಖ ಆ ಕಡೆ ತಿರುಗಿಸಿದರು, ಮುಂದಿನ ವರ್ಷ ಎಲ್ಲದಕ್ಕೂ ಅದೇ ರೇಟು ಕೇಳುತ್ತಾರೆ ಅನ್ನುವುದು ಅವರ ಚಿಂತೆ.

ಆ ವರ್ಷ ಮಳೆ ಚೆನ್ನಾಗಿ ಬಂತು. ಜುಲೈ ಮುಗಿಯುವುದರೊಳಗೆ ಕಟ್ಟೆ ತುಂಬಿ, ಕಾಲುವೆಯ ಕೊನೆಗೂ ನೀರು ಬಂದು, ಎರಡೂ ಕಡೆಯ ಪೈರನ್ನು ಇಪ್ಪತ್ತಾರನೇ ದಿನಕ್ಕೆ ನೆಟ್ಟಾಗಿತ್ತು. ಕೊಯ್ಲಿನಲ್ಲಿ ನನ್ನ ಭಾಗ ತುಸು ಮುಂದಿತ್ತು. ಆದರೆ ಒಟ್ಲಿನ ಕಳೆ ತೆಗೆಸಿದ್ದು, ಹೆಚ್ಚು ಕೊಟ್ಟ ಕೂಲಿ ಕಳೆದರೆ ಊರ ಜನರನ್ನು ಕರೆದು ತೋರಿಸುವಂಥದ್ದೇನೂ ಉಳಿಯಲಿಲ್ಲ. ಅಪ್ಪ "ನೋಡ್ದಾ?" ಅಂದರು. ನೋಡಿದೆ. ಸಕಾಲಕ್ಕೆ ನೀರು ಬಂದರೆ ದಟ್ಟ ಒಟ್ಲಿನ ತಪ್ಪು ಅಷ್ಟಾಗಿ ಕಾಣುವುದಿಲ್ಲ.

ಅದೇ ವರ್ಷ ನಮ್ಮ ಟೀಮಿನ ಮನ್ನಾರ್‌ಗುಡಿ ಕಡೆಯ ಹುಡುಗ ಟೀ ಅಂಗಡಿಯಲ್ಲಿ ತನ್ನ ಮನೆಯ ಕಥೆ ಹೇಳಿದ. ಮೆಟ್ಟೂರು ಅಣೆಕಟ್ಟೆಯನ್ನು ವಾಡಿಕೆಯಂತೆ ಜೂನ್ 12ಕ್ಕೆ ತೆರೆಯುತ್ತಾರೆ. 2024ರಲ್ಲಿ ನೀರಿಲ್ಲದೆ ಜುಲೈ ಕೊನೆಯ ತನಕ ತೆರೆಯಲಿಲ್ಲ. ಕುರುವೈಗೆ ಅಂತ ನಾತ್ತು ಬಿಟ್ಟವರು ಏನು ಮಾಡಿದರು ಅಂತ ಕೇಳಿದೆ. ಮೋಟಾರ್ ಇದ್ದವರು ನೆಟ್ಟರು, ಇಲ್ಲದವರು ಹಸುವಿಗೆ ಮೇಯಿಸಿದರು ಅಂದ. ನೀರು ಯಾರದು ಅನ್ನುವ ಜಗಳಕ್ಕೆ ನಾವಿಬ್ಬರೂ ಕೈ ಹಾಕಲಿಲ್ಲ. ಎಷ್ಟು ದಿನದ ಪೈರು, ಎಷ್ಟು ಬೀಜ, ಎಷ್ಟು ಜಾಗ ಅಂತ ಟಿಶ್ಯೂ ಪೇಪರಿನ ಮೇಲೆ ಲೆಕ್ಕ ಹಾಕಿದೆವು. ಅವನ ಅಪ್ಪನ ಪರೀಕ್ಷೆಯೂ ನೆಲ ಕಾಣಬಾರದು ಅನ್ನುವುದೇ ಅಂತೆ.

ನನಗೆ ಅರ್ಥವಾಗಿದ್ದು ಇಷ್ಟು. ಜಪಾನಿನವನಿಗೆ ನಾಟಿಯ ತಾರೀಖು ಗೊತ್ತು, ಟ್ರೇಯನ್ನು ಎಷ್ಟು ಬೇಕಾದರೂ ದಟ್ಟ ಮಾಡಬಲ್ಲ. ಕಾಲುವೆಯ ಕೊನೆಯವನಿಗೆ ತಾರೀಖು ಗೊತ್ತಿಲ್ಲ. ನೀರು ಯಾವಾಗಲೋ, ಆಳು ಯಾವಾಗಲೋ, ಟ್ರ್ಯಾಕ್ಟರ್ ಯಾವಾಗಲೋ. ನಮ್ಮ ಕಡೆ ತಳಿಯ ಅವಧಿಯ ತಿಂಗಳಿಗೊಂದು ವಾರದಂತೆ ಪೈರಿನ ವಯಸ್ಸು ಅಂತ ಲೆಕ್ಕ ಹೇಳುತ್ತಾರೆ, ನಾಲ್ಕು ತಿಂಗಳ ಭತ್ತಕ್ಕೆ ನಾಲ್ಕು ವಾರ. ದಟ್ಟ ಒಟ್ಲು ಆ ಗಡುವು ದಾಟಿ ಒಂದು ವಾರವೂ ತಡೆಯುವುದಿಲ್ಲ. ತೆಳು ಒಟ್ಲು ಇನ್ನೂ ಹತ್ತು ಹನ್ನೆರಡು ದಿನ ಕಾಯುತ್ತದೆ, ಆಮೇಲೆ ಅದೂ ಸೋಲುತ್ತದೆ. ಹಕ್ಕಿಗೆ, ಮಳೆಗೆ, ಜೊಳ್ಳಿಗೆ ಹೆದರಿ ಅಪ್ಪ ದಟ್ಟ ಚೆಲ್ಲುತ್ತಾರೆ. ಅವೆಲ್ಲ ಕಾವಲು, ಉಪ್ಪು ನೀರು, ಎರಡು ಹಿಡಿ ಹೆಚ್ಚು ಬೀಜದಿಂದ ತಪ್ಪಿಸಬಹುದಾದವು. ನೀರು ತಡವಾಗುವುದನ್ನು ನಾವು ತಪ್ಪಿಸಲಾರೆವು, ಅದಕ್ಕೆ ಸಿಗುವ ವಿಮೆ ಎಂದರೆ ಇನ್ನೆರಡು ಗುಂಟೆ ಜಾಗ.

ಇದನ್ನು ಅಪ್ಪನಿಗೆ ಹೇಳಿದಾಗ ಅವರು ಹೂಂ ಅನ್ನಲಿಲ್ಲ, ಊಹೂಂ ಅನ್ನಲೂ ಇಲ್ಲ. ಮುಂದಿನ ಮುಂಗಾರಿಗೆ ನಾನು ಕೇಳಲೂ ಹೋಗಲಿಲ್ಲ. ಒಂದು ಸಂಜೆ ಆಫೀಸಿನಿಂದ ಬಂದು ಫೋನ್ ನೋಡಿದರೆ ಅಣ್ಣ ಒಟ್ಲಿನ ವಿಡಿಯೋ ಕಳಿಸಿದ್ದ. ಮೂರು ಗುಂಟೆ ಇದ್ದದ್ದು ಐದು ಗುಂಟೆಯಷ್ಟು ಕಾಣುತ್ತಿತ್ತು. ಪೈರಿನ ನಡುವೆ ಅಲ್ಲಲ್ಲಿ ನೆಲ ಕಾಣುತ್ತಿತ್ತು. ತಕ್ಷಣ ಅಪ್ಪನಿಗೆ ಫೋನ್ ಮಾಡಿದೆ.

"ಏನಪ್ಪ, ಒಟ್ಲು ತೆಳ್ಳಗೈತಂತೆ?"

"ಬೀಜ ಸಾಲ್ದೆ ಬಂತು ಕಣ್ಲಾ" ಅಂದರು.